ಕಾರ್ ಶೆಡ್ಡಿನಲ್ಲಿ ಅಲುಗಾಡದ ಕೆಲಸದ ಮೇಜು

ಕೆಲಸದ ಮೇಜು ಗಟ್ಟಿಯಾಗಿದೆಯೇ ಎಂದು ನೋಡಲು ಅದರ ಮೇಲೆ ಹತ್ತಿ ನಿಲ್ಲುವವರೇ ಹೆಚ್ಚು. ನಿಂತ ಮನುಷ್ಯನ ಭಾರವನ್ನು ಮದುವೆ ಮನೆಗೆ ಬಾಡಿಗೆಗೆ ಬರುವ ಮಡಚುವ ಟೇಬಲ್ಲು ಕೂಡ ಹೊರುತ್ತದೆ. ನಿಜವಾದ ಪರೀಕ್ಷೆ ಬೇರೆ: ಮೇಜಿನ ಅಂಚಿಗೆ ಸೊಂಟ ಒತ್ತಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಜೋರಾಗಿ ನೂಕಿ ನೋಡಬೇಕು. ಹತ್ತರಿ ಹೊಡೆಯುವಾಗ, ಅರ ಉಜ್ಜುವಾಗ, ಗರಗಸ ಎಳೆಯುವಾಗ ಮೇಜು ತಡೆದುಕೊಳ್ಳಬೇಕಾದದ್ದು ಈ ಅಡ್ಡನೂಕನ್ನೇ. ನೂಕಿದಾಗ ಮೇಜು ಒಂದು ಬೆರಳಿನಷ್ಟು ಓಲಾಡಿದರೂ ನಿಮ್ಮ ಕೈಯ ಬಲದಲ್ಲಿ ಒಂದು ಪಾಲು ಆ ಓಲಾಟಕ್ಕೇ ಖರ್ಚಾಗುತ್ತದೆ, ಗೆರೆಯ ಮೇಲೆ ಹೋಗಬೇಕಾದ ಗರಗಸ ಪಕ್ಕಕ್ಕೆ ಜಾರುತ್ತದೆ. ಆದ್ದರಿಂದ ಈ ಬರಹದಲ್ಲಿ ಮರದ ದಪ್ಪಕ್ಕಿಂತ ಕೀಲುಗಳ ಬಗ್ಗೆ, ಹಿಂಬದಿಯ ಹಲಗೆಯ ಬಗ್ಗೆ, ನೆಲದ ಮಟ್ಟದ ಬಗ್ಗೆ ಹೆಚ್ಚು ಹೇಳಿದ್ದೇನೆ.

ದಾವಣಗೆರೆಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಈಗ ನಿಂತಿರುವುದು ಎರಡನೆಯ ಮೇಜು. ಮೊದಲನೆಯದನ್ನು ಮಳೆಗಾಲದಲ್ಲಿ ಸಾಮಿಲ್ಲಿನಿಂದ ನೇರವಾಗಿ ತಂದ ಹಸಿ ನೀಲಗಿರಿಯಲ್ಲಿ ಮಾಡಿದ್ದೆ. ತಂದ ದಿನ ಪಟ್ಟಿಗಳು ನೂಲು ಹಿಡಿದಂತೆ ನೇರವಾಗಿದ್ದವು. ಯುಗಾದಿಯ ಹೊತ್ತಿಗೆ ಒಂದು ಕಾಲು ತಿರುಚಿಕೊಂಡು ನೆಲ ಬಿಟ್ಟು ಮೇಲೆದ್ದಿತ್ತು, ಕೀಲುಗಳ ಸಂದಿಯಲ್ಲಿ ಪೆನ್ಸಿಲ್ಲು ತೂರಿಸುವಷ್ಟು ಜಾಗವಾಗಿತ್ತು. ಅದನ್ನು ಬಿಚ್ಚಿ, ಅದೇ ಉದ್ದ ಅಗಲದಲ್ಲಿ, ಆದರೆ ಬೇರೆ ಮರದಲ್ಲಿ ಬೇರೆ ಕ್ರಮದಿಂದ ಮಾಡಿದ ಮೇಜಿನ ವಿವರ ಇದು.

ಅಳತೆಯನ್ನು ಕಾರು ಒಳಗೆ ನಿಂತಿರುವಾಗಲೇ ತೆಗೆದುಕೊಳ್ಳಿ. ಖಾಲಿ ಶೆಡ್ಡು ದೊಡ್ಡದಾಗಿಯೇ ಕಾಣುತ್ತದೆ. ಕಾರನ್ನು ದಿನವೂ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದು, ಮೇಜು ಬರುವ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಒಂದು ವಾರ ಆ ಗೆರೆ ತುಳಿಯದೆ ಓಡಾಡಲು ಆಗುತ್ತದೆಯೇ ನೋಡಿ. ನಮಗೆ ಹೊಂದಿಕೊಂಡದ್ದು 6 ಅಡಿ ಉದ್ದ, 2 ಅಡಿ ಅಗಲ. 2 ಅಡಿಗಿಂತ ಅಗಲ ಮಾಡಿದರೆ ಹಿಂದಿನ ಅರ್ಧ ಸಾಮಾನು ಪೇರಿಸುವ ಜಾಗವಾಗುತ್ತದೆಯೇ ಹೊರತು ಕೆಲಸಕ್ಕೆ ಬರುವುದಿಲ್ಲ. ಜಾಗ ಕಡಿಮೆ ಇದ್ದವರು ಅಗಲವನ್ನು 18 ಇಂಚಿಗೆ ಇಳಿಸಬಹುದು, ಆದರೆ ಉದ್ದವನ್ನು ಕಡಿಮೆ ಮಾಡಬಾರದೆಂಬುದು ನನ್ನ ಅಭಿಪ್ರಾಯ.

ಎತ್ತರದ ವಿಷಯದಲ್ಲಿ ಎರಡು ಲೆಕ್ಕಗಳಿವೆ, ಎರಡೂ ಸರಿ. ಮರಗೆಲಸಕ್ಕೆ ಮೇಜಿನ ಮೇಲ್ಮೈ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಹತ್ತಿರ ಬರಬೇಕು, ಏಕೆಂದರೆ ಹತ್ತರಿಯ ಮೇಲೆ ಮೈಭಾರ ಹಾಕಬೇಕಾಗುತ್ತದೆ. ಕಬ್ಬಿಣದ ಕೆಲಸಕ್ಕೆ ವೈಸಿನ (ಕೆಲಸದ ತುಂಡನ್ನು ಬಿಗಿಹಿಡಿಯಲು ಮೇಜಿಗೆ ಕೂರಿಸುವ ಉಪಕರಣ) ದವಡೆ ಮೊಣಕೈ ಮಟ್ಟಕ್ಕೆ ಬರಬೇಕು. ಹರಿಹರದಲ್ಲಿ ಲೇಥ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ನನ್ನ ಮೊದಲ ಮೇಜಿನ ವೈಸಿನ ಮುಂದೆ ಅವರು ಮೊಣಕೈ ಮಡಚಿ ನಿಂತು, ಮುಷ್ಟಿಯನ್ನು ಗದ್ದಕ್ಕೆ ತಾಗಿಸಿ, ಮೊಣಕೈಗೂ ದವಡೆಗೂ ನಡುವೆ ಇದ್ದ ಗೇಣುದ್ದದ ಸಂದಿಯನ್ನು ಇನ್ನೊಂದು ಕೈಯಿಂದ ತೋರಿಸಿ, “ತಮ್ಮಾ, ಇಷ್ಟು ತಗ್ಗಿದ್ರೆ ಸಂಜೀಗೆ ಸೊಂಟ ಮಾತಾಡ್ತದೆ ನೋಡು” ಎಂದರು. ಐದೂವರೆ ಅಡಿ ಎತ್ತರದವರಿಗೆ ಈ ಎರಡು ಲೆಕ್ಕಗಳನ್ನೂ ಒಂದೇ ಮೇಜಿನಲ್ಲಿ ಹೊಂದಿಸಬಹುದು: ಮೇಜು 34 ಇಂಚು, ಅದರ ಮೇಲೆ ಕೂರುವ 5 ಇಂಚಿನ ಬೆಂಚ್ ವೈಸ್ ಆರೇಳು ಇಂಚು, ಒಟ್ಟು 40ರಿಂದ 41 ಇಂಚು. ಹೆಚ್ಚುಕಡಿಮೆ ಮೊಣಕೈ ಅಲ್ಲಿಗೇ ಬರುತ್ತದೆ. ಎತ್ತರದವರು, ಕುಳ್ಳಗಿರುವವರು ಕಾಲಿನ ಅಳತೆಯಲ್ಲಿ ಒಂದೆರಡು ಇಂಚು ಹೆಚ್ಚುಕಡಿಮೆ ಮಾಡಿಕೊಳ್ಳಲಿ.

ಇನ್ನು ಮರ. ಸಾಗುವಾನಿ ಎಲ್ಲದಕ್ಕೂ ಒಳ್ಳೆಯದೇ, ಆದರೆ ಸುತ್ತಿಗೆಯ ಏಟು ತಿನ್ನುವ ಮೇಜಿಗೆ ಅದನ್ನು ಹಾಕುವುದು ರೇಷ್ಮೆ ಸೀರೆಯಲ್ಲಿ ಕಣ ಮಾಡಿದಂತೆ. ನಮ್ಮ ಕಡೆಯ ಕೆರೆ ಅಂಗಳಗಳಲ್ಲಿ, ಹೊಲದ ಬದುಗಳಲ್ಲಿ ಬೆಳೆಯುವ ಕರಿಜಾಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗಾಡಿಯ ಗಾಲಿಗೂ ನೇಗಿಲಿಗೂ ಹಿಂದಿನವರು ಅದನ್ನು ಆರಿಸುತ್ತಿದ್ದುದು ಸುಮ್ಮನೆ ಅಲ್ಲ. ಅದು ತೂಕದ ಮರ, ಏಟು ತಿನ್ನುವ ಮರ, ಮತ್ತು ಮೇಜಿಗೆ ತೂಕ ಇದ್ದಷ್ಟೂ ಒಳ್ಳೆಯದು. ತೊಂದರೆಯೆಂದರೆ ಒಣಗಿದ ಜಾಲಿ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ, ಮೊದಲೇ ತೂತು ಕೊರೆಯದೆ ಸ್ಕ್ರೂ ಹಾಕಲು ಹೋದರೆ ಸ್ಕ್ರೂವಿನ ತಲೆ ಮುರಿಯುತ್ತದೆ. ಬೇವೂ ಆಗಬಹುದು, ಹುಳು ಬೇಗ ಹಿಡಿಯುವುದಿಲ್ಲ, ಆದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹತ್ತರಿ ಹೊಡೆದಲ್ಲೆಲ್ಲ ಕಿತ್ತು ಬರುತ್ತದೆ. ನೀಲಗಿರಿಯ ಕಥೆ ಮೊದಲೇ ಹೇಳಿದೆ.

ಇವೆಲ್ಲಕ್ಕಿಂತ ಒಳ್ಳೆಯದೊಂದು ದಾರಿಯಿದೆ. ಹಳೆಯ ಪೇಟೆ ಭಾಗದಲ್ಲಿ ಮನೆಗಳನ್ನು ಕೆಡವಿದಾಗ ಹೊರಬರುವ ತೊಲೆ, ಜಂತೆ, ಬಾಗಿಲ ಚೌಕಟ್ಟುಗಳು ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಐವತ್ತು ವರ್ಷ ಸೂರಿನ ಕೆಳಗೆ ಒಣಗಿದ ಮತ್ತಿಯೋ ಹೊನ್ನೆಯೋ ಇನ್ನು ಹೆಚ್ಚು ತಿರುಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೆ ಅದರೊಳಗೆ ಮುರಿದ ಮೊಳೆಗಳಿರುತ್ತವೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮುಖಗಳ ಮೇಲೆ ನಿಧಾನವಾಗಿ ಆಡಿಸಿದರೆ, ಮೊಳೆ ಇದ್ದಲ್ಲಿ ಅದು ವಾಲುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಕಿತ್ತ ಮೇಲೆಯೇ ಸಾಮಿಲ್ಲಿಗೆ ಒಯ್ಯಿರಿ. ಮೊಳೆಯಿರುವ ಮರವನ್ನು ಕೊಯ್ಯಲು ಯಾವ ಮಿಲ್ಲಿನವರೂ ಒಪ್ಪುವುದಿಲ್ಲ, ಒಪ್ಪಿದರೂ ಅವರ ಬ್ಲೇಡಿನ ಹಲ್ಲು ಹೋದಾಗ ದುಡ್ಡು ಕೊಡಬೇಕಾದವರು ನೀವೇ. ಸ್ವಂತ ಹೊಲದ ಮರ ಕಡಿಸುವವರು ಒಂದು ಮಾತು ನೆನಪಿಡಬೇಕು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಲವು ಜಾತಿಯ ಮರಗಳನ್ನು ಕಡಿಯಲು ಅನುಮತಿ ಬೇಕು. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ಕೊಡಲಿ ಎತ್ತಬೇಡಿ.

ಮರದ ಲೆಕ್ಕ ಘನ ಅಡಿಯಲ್ಲಿ ನಡೆಯುತ್ತದೆ. ಇಂಚಿನಲ್ಲಿ ಅಗಲ, ಇಂಚಿನಲ್ಲಿ ದಪ್ಪ, ಅಡಿಯಲ್ಲಿ ಉದ್ದ, ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ಈ ಮೇಜಿಗೆ ಬೇಕಾದದ್ದು 4×3 ಇಂಚಿನ, 32 ಇಂಚಿಗಿಂತ ಚೂರು ಉದ್ದದ ನಾಲ್ಕು ಕಾಲು. 4×2 ಇಂಚಿನ, 5 ಅಡಿಯ ನಾಲ್ಕು ಉದ್ದಪಟ್ಟಿ. ಅದೇ ದಪ್ಪದ, 16 ಇಂಚು ಉದ್ದದ ನಾಲ್ಕು ಅಡ್ಡಪಟ್ಟಿ. ಕೂಡಿದರೆ ಎರಡೂಕಾಲು ಘನ ಅಡಿಗೆ ಸ್ವಲ್ಪ ಮೇಲಾಗುತ್ತದೆ. ಗಂಟು, ಸೀಳು, ಹತ್ತರಿಯ ಹೊಟ್ಟು ಇವುಗಳಲ್ಲಿ ಹೋಗುವುದನ್ನು ಸೇರಿಸಿ 3 ಘನ ಅಡಿ ತನ್ನಿ. ಆರಿಸುವಾಗ ತುದಿಯ ಕೊಯ್ತವನ್ನು ನೋಡಿ: ಒಳಗಿನ ಕಡುಬಣ್ಣದ ಚೇಗು ಹೆಚ್ಚಿರಬೇಕು, ಹೊರಗಿನ ಬಿಳಿಯ ಭಾಗ ಕಡಿಮೆಯಿರಬೇಕು, ಏಕೆಂದರೆ ಕುಟ್ಟೆ ಹುಳು ಮೊದಲು ಬಾಯಿ ಹಾಕುವುದು ಆ ಬಿಳಿ ಭಾಗಕ್ಕೆ.

ಹೊಸ ಮರ ತಂದಿದ್ದರೆ ಒಣಗಿಸುವುದು ಕಡ್ಡಾಯ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಬಡಗಿಗಳ ಲೆಕ್ಕ. ನಮ್ಮ ಒಣಹವೆಯಲ್ಲಿ ಅಷ್ಟು ಬೇಡವಾದರೂ ಒಂದು ಬೇಸಿಗೆಯನ್ನಾದರೂ ಅದು ಕಾಣಬೇಕು. ಪಟ್ಟಿಗಳ ನಡುವೆ ಬೆರಳು ದಪ್ಪದ ರೀಪಿನ ತುಂಡುಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ, ಮೇಲೆ ಸೈಜುಗಲ್ಲಿನ ಭಾರ ಹೇರಿ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆಂಬುದು ನಿಜ, ಆದರೆ ಮೇಲ್ಮೈ ಒಳಗಿಗಿಂತ ಮೊದಲು ಒಣಗಿ ಸೀಳುತ್ತದೆ. ನೀರು ತುದಿಗಳಿಂದ ಎಲ್ಲಕ್ಕಿಂತ ಬೇಗ ಹೊರಟುಹೋಗುವುದರಿಂದ ಎರಡೂ ತುದಿಗಳಿಗೆ ಮನೆಯಲ್ಲಿ ಉಳಿದ ಯಾವುದಾದರೂ ಬಣ್ಣ ಬಳಿಯಿರಿ. ಒಣಗಿತೇ ಎಂದು ತಿಳಿಯಲು ತೇವ ಅಳೆಯುವ ಉಪಕರಣವೇ ಬೇಕೆಂದಿಲ್ಲ. ಪೇರಿಕೆಯಿಂದ ಒಂದು ತುಂಡನ್ನು ಗುರುತು ಮಾಡಿಟ್ಟು, ವಾರಕ್ಕೊಮ್ಮೆ ಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೆಯೇ ಬರೆಯಿರಿ. ಮೂರು ವಾರ ತೂಕ ಇಳಿಯದೆ ನಿಂತರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಜೋಡಣೆಯನ್ನು ಸಂಕ್ರಾಂತಿ ಕಳೆದು ಚಳಿ ಬಿಟ್ಟ ಮೇಲೆ ಇಟ್ಟುಕೊಳ್ಳುವುದು ಉತ್ತಮ. ಆಗ ಮರ ಒಣಗಿರುತ್ತದೆ. ಮುಂದೆ ಮಳೆಗಾಲದಲ್ಲಿ ಅದು ಚೂರು ಉಬ್ಬಿದರೂ ಕೀಲು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಗುರುತು ಹಾಕುವಾಗ ಒಂದೊಂದು ಕಾಲನ್ನೂ ಟೇಪಿನಿಂದ ಬೇರೆ ಬೇರೆಯಾಗಿ ಅಳೆಯಬೇಡಿ. ನಾಲ್ಕೂ ಕಾಲುಗಳನ್ನು ತುದಿ ಸಮನಾಗಿ ಒಟ್ಟಿಗೆ ಮಲಗಿಸಿ, ಮೂಲೆಮಟ್ಟ ಹಿಡಿದು ನಾಲ್ಕರ ಮೇಲೂ ಒಂದೇ ಗೆರೆ ಎಳೆಯಿರಿ. ತಪ್ಪಿದರೂ ನಾಲ್ಕೂ ಒಂದೇ ರೀತಿ ತಪ್ಪುತ್ತವೆ, ಮೇಜು ನೇರವಾಗಿಯೇ ಇರುತ್ತದೆ. ಕಾಲಿನ 4 ಇಂಚಿನ ಮುಖ ಮೇಜಿನ ಉದ್ದದ ಕಡೆಗೆ ಬರಬೇಕು. ಮೇಲಿನ ಉದ್ದಪಟ್ಟಿ ಕಾಲಿನ ತುದಿಗೆ ಸಮನಾಗಿ ಕೂರುತ್ತದೆ, ಕೆಳಗಿನದು ನೆಲದಿಂದ 5 ಇಂಚು ಮೇಲೆ. ಅಷ್ಟು ಜಾಗ ಬಿಟ್ಟರೆ ಪೊರಕೆಯೂ ಆಡುತ್ತದೆ, ನಿಂತವರ ಕಾಲಿನ ಬೆರಳಿಗೂ ಜಾಗವಿರುತ್ತದೆ.

ಉದ್ದಪಟ್ಟಿ ಕೂರಲು ಕಾಲಿನ ಹೊರಮುಖದಲ್ಲಿ 4 ಇಂಚು ಅಗಲ, 1 ಇಂಚು ಆಳದ ಕಚ್ಚು ತೆಗೆಯಬೇಕು. ಬೋಲ್ಟೊಂದನ್ನೇ ನಂಬಿ ಪಟ್ಟಿಯನ್ನು ಕಾಲಿಗೆ ಆನಿಸಿದರೆ, ನೂಕಿದಾಗಲೆಲ್ಲ ಬೋಲ್ಟು ತನ್ನ ತೂತನ್ನು ತಾನೇ ಅಗಲಿಸಿಕೊಳ್ಳುತ್ತದೆ. ಕಚ್ಚಿನೊಳಗೆ ಕೂತ ಪಟ್ಟಿಯಾದರೆ ನೂಕನ್ನು ಮರವೇ ತಡೆಯುತ್ತದೆ, ಬೋಲ್ಟು ಹಿಡಿದಿಟ್ಟುಕೊಂಡರೆ ಸಾಕು. ಎರಡು ಗೆರೆಗಳ ನಡುವೆ ಅರ್ಧ ಇಂಚಿಗೊಂದರಂತೆ ಗರಗಸದಿಂದ 1 ಇಂಚು ಆಳಕ್ಕೆ ಕೊಯ್ದು, ಉಳಿಯನ್ನು ಅಡ್ಡಲಾಗಿಟ್ಟು ಕೊಡತಿಯಿಂದ ತಟ್ಟಿದರೆ ಚೂರುಗಳು ಬಿಸ್ಕೆಟ್ಟಿನಂತೆ ಮುರಿದು ಬರುತ್ತವೆ. ಉಳಿಯನ್ನು ಒಂದೇ ಕಡೆಯಿಂದ ಆಚೆಗೆ ತೂರಿಸಬೇಡಿ, ಆಚೆಯ ಅಂಚು ಸಿಡಿದುಹೋಗುತ್ತದೆ. ಎರಡೂ ಕಡೆಯಿಂದ ನಡುವಿಗೆ ಬನ್ನಿ. ಕೊನೆಯ ನೂಲಿನಷ್ಟನ್ನು ಏಟು ಹಾಕದೆ, ಉಳಿಯನ್ನು ಕೈಯಿಂದ ಒತ್ತಿ ಸವರಿ ತೆಗೆಯಬೇಕು. ಪಟ್ಟಿಯನ್ನು ಕೈಯಲ್ಲಿ ಒತ್ತಿದರೆ ಅರ್ಧ ಹೋಗಿ, ಕೊಡತಿಯ ಎರಡು ಏಟಿಗೆ ಪೂರ್ತಿ ಕೂತರೆ ಕಚ್ಚು ಸರಿಯಾಗಿದೆ. ಅಲುಗಿಸಿದರೆ ಬೀಳುವಷ್ಟು ಸಡಿಲವಾಗಿದ್ದರೆ ಆ ಸಂದಿಗೆ ತೆಳ್ಳನೆಯ ಮರದ ಸಿಬಿರನ್ನು ಅಂಟು ಹಚ್ಚಿ ತುಂಬಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಡ್ಡಪಟ್ಟಿಗಳ ಎರಡೂ ತುದಿಗಳಲ್ಲಿ ಒಂದೂವರೆ ಇಂಚಿನ ನಾಲಿಗೆ ಬಿಟ್ಟು, ಅದನ್ನು ಕಾಲಿನ ಒಳಮುಖದಲ್ಲಿ ಕೊರೆದ ಗೂಡಿಗೆ ಅಂಟು ಹಚ್ಚಿ ಕೂರಿಸಬೇಕು. ಕಾಲುಗಳ ನಡುವೆ 13 ಇಂಚು ಉಳಿಯುತ್ತದೆ, ಹೊರಗಿನಿಂದ ಹೊರಕ್ಕೆ 19 ಇಂಚು. ಇಲ್ಲಿ ನಾನು ಒಮ್ಮೆ ಕೆಟ್ಟೆ. ಅಡ್ಡಪಟ್ಟಿಯನ್ನು ಉದ್ದಪಟ್ಟಿಯ ಎತ್ತರದಲ್ಲಿಯೇ ಇಟ್ಟಿದ್ದರಿಂದ, ಮೊದಲ ಮೇಜಿನಲ್ಲಿ ಬೋಲ್ಟಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಮೊನೆ ಆ ನಾಲಿಗೆಯನ್ನೇ ಸೀಳಿಕೊಂಡು ಹೋಯಿತು. ಆದ್ದರಿಂದ ಅಡ್ಡಪಟ್ಟಿಗಳನ್ನು ಬೇರೆ ಎತ್ತರದಲ್ಲಿಡಿ: ಮೇಲಿನದು ಉದ್ದಪಟ್ಟಿಗಿಂತ 4 ಇಂಚು ಕೆಳಗೆ, ಕೆಳಗಿನದು ಉದ್ದಪಟ್ಟಿಗಿಂತ 4 ಇಂಚು ಮೇಲೆ. ನಾಲಿಗೆ ಕತ್ತರಿಸಲು ಕೈ ಬಾರದವರು ಬಡಗಿಯವರಿಂದ ಈ ಎಂಟು ತುದಿಗಳನ್ನಷ್ಟೇ ಮಾಡಿಸಿಕೊಳ್ಳಲಿ. ಪಳಗಿದ ಕೈಗೆ ಅದು ಅರ್ಧ ದಿನದ ಕೆಲಸ. ನೀವು ಮೂರು ದಿನ ಹೆಣಗಾಡಿದರೂ ಆ ಬಿಗಿ ಬರುವುದು ಕಷ್ಟ.

ಮೊದಲು ಎಡ ಮತ್ತು ಬಲದ ಎರಡು ಚೌಕಟ್ಟುಗಳನ್ನು, ಅಂದರೆ ಎರಡು ಕಾಲು ಎರಡು ಅಡ್ಡಪಟ್ಟಿ ಸೇರಿದ್ದನ್ನು, ಅಂಟು ಹಾಕಿ ಮುಗಿಸಿ. ಅಂಟು ಒಣಗುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಸಮವಿದ್ದರೆ ಚೌಕಟ್ಟು ಚೌಕವಾಗಿದೆ. ಒಂದು ಉದ್ದವಾಗಿದ್ದರೆ ಆ ಕರ್ಣದ ಮೂಲೆಗಳನ್ನು ಹಗ್ಗದಿಂದ ಬಿಗಿದು ಎಳೆದುಕೊಳ್ಳಿ. ಮರುದಿನ ಉದ್ದಪಟ್ಟಿಗಳನ್ನು ಕಚ್ಚಿಗೆ ಕೂರಿಸಿ, ಪ್ರತಿ ಕೀಲಿಗೆ ಎರಡರಂತೆ ಒಟ್ಟು 16 ಬೋಲ್ಟು ಹಾಕಬೇಕು. ಕಚ್ಚಿನ ನಂತರ ಕಾಲಿನಲ್ಲಿ ಉಳಿದ 2 ಇಂಚು, ಪಟ್ಟಿಯ 2 ಇಂಚು, ವಾಷರು, ನಟ್ಟು ಎಲ್ಲ ಸೇರಿ 10 ಮಿ.ಮೀ. ದಪ್ಪದ, 5 ಇಂಚು ಉದ್ದದ ಬೋಲ್ಟು ಸರಿಹೋಗುತ್ತದೆ. ಎರಡು ಬೋಲ್ಟುಗಳು ಒಂದೇ ಸಾಲಿನಲ್ಲಿ ಬರಬಾರದು. ಒಂದೇ ಎಳೆಯ ಮೇಲೆ ಎರಡು ತೂತು ಬಿದ್ದರೆ ಮರ ಅದೇ ದಾರಿಯಲ್ಲಿ ಸೀಳುತ್ತದೆ. ಒಂದು ಮೇಲೆ ಎಡಕ್ಕೆ, ಇನ್ನೊಂದು ಕೆಳಗೆ ಬಲಕ್ಕೆ, ಹೀಗೆ ಓರೆಯಾಗಿ ಬರಲಿ. ಎರಡೂ ಬದಿಗೆ ಅಗಲದ ವಾಷರ್ ಹಾಕದಿದ್ದರೆ ನಟ್ಟು ಮರದೊಳಗೆ ಹೂತುಹೋಗುತ್ತದೆ. ಉದ್ದಪಟ್ಟಿಗೆ ಅಂಟು ಹಚ್ಚಬೇಡಿ. ಮನೆ ಬದಲಾಯಿಸುವ ದಿನ ಬಿಚ್ಚಬೇಕಾಗುತ್ತದೆ.

ಇಷ್ಟಾದ ಮೇಲೆ ನೂಕಿ ನೋಡಿ. ಮೇಜು ಇನ್ನೂ ಚೂರು ಓಲಾಡುತ್ತದೆ, ಅದು ಸಹಜ. ನಾಲ್ಕು ಪಟ್ಟಿ ಸೇರಿದ ಆಯತ ಮೂಲೆಗಳಲ್ಲಿ ಮಡಚಿಕೊಳ್ಳಬಲ್ಲದು, ತ್ರಿಕೋನ ಮಡಚಿಕೊಳ್ಳಲಾರದು. ಹಳೆಯ ಹೆಂಚಿನ ಮನೆಗಳ ಸೂರಿನ ಕೈಮರಗಳು ಓರೆಯಾಗಿ ನಿಂತಿರುವುದು ಇದೇ ಕಾರಣಕ್ಕೆ. ಓರೆ ಪಟ್ಟಿ ಹಾಕಬಹುದು, ಆದರೆ ನನಗೆ ಹಿಡಿಸಿದ್ದು 12 ಮಿ.ಮೀ. ಪ್ಲೈವುಡ್. 8×4 ಅಡಿ ಶೀಟನ್ನು ಉದ್ದಕ್ಕೆ ಎರಡು ಮಾಡಿಸಿದರೆ 8×2 ಅಡಿಯ ಅರ್ಧ ಸಿಗುತ್ತದೆ. ಅದರಲ್ಲಿ 5 ಅಡಿಯ ತುಂಡು ಹಿಂಬದಿಗೆ, ಉಳಿದ 3 ಅಡಿಯಲ್ಲಿ ಒಂದೂವರೆ ಅಡಿಯ ಎರಡು ತುಂಡು ಎರಡು ಪಕ್ಕಗಳಿಗೆ. ಗರಗಸದ ಬಾಯಿಗೆ ಹೋಗುವ ಒಂದೆರಡು ನೂಲು ಬಿಟ್ಟರೆ ಏನೂ ವ್ಯರ್ಥವಾಗುವುದಿಲ್ಲ. ಹಿಂಬದಿಯ ತುಂಡನ್ನು ಮೇಲಿನ ಮತ್ತು ಕೆಳಗಿನ ಉದ್ದಪಟ್ಟಿಗಳಿಗೆ, ಪಕ್ಕದವನ್ನು ಕಾಲುಗಳಿಗೆ, ಆರಾರು ಇಂಚಿಗೊಂದು ಸ್ಕ್ರೂ ಹಾಕಿ ಬಿಗಿಯಿರಿ. ಕೊನೆಯ ಸ್ಕ್ರೂ ಬಿಗಿದು ಮತ್ತೆ ನೂಕಿದಾಗ ಮೇಜಿನ ಬದಲು ನೀವು ಹಿಂದಕ್ಕೆ ಸರಿಯುತ್ತೀರಿ.

ನೆಲದ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಕಾರು ತೊಳೆದ ನೀರು ಹೊರಗೆ ಹರಿಯಲೆಂದು ಶೆಡ್ಡಿನ ನೆಲವನ್ನು ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ; ನೂರಕ್ಕೆ ಒಂದರ ಇಳಿಜಾರಾದರೂ 6 ಅಡಿಗೆ 18 ಮಿ.ಮೀ. ವ್ಯತ್ಯಾಸ ಬರುತ್ತದೆ. ಕಾಲಿನ ಕೆಳಗೆ ರಟ್ಟಿನ ಚೂರು ತುರುಕಿ ಮಟ್ಟ ಮಾಡಿದರೆ ಎಂಟು ದಿನದಲ್ಲಿ ಅದು ಜಾರಿರುತ್ತದೆ. ಸರಿಯಾದ ವಿಧಾನ ಹೀಗಿದೆ. ಮೇಜನ್ನು ಅದು ನಿಲ್ಲುವ ಜಾಗದಲ್ಲಿಯೇ ಇಟ್ಟು, ತಗ್ಗಿನ ಕಾಲುಗಳ ಅಡಿಗೆ ಬೆಣೆ ಹೊಡೆದು, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ಗುಳ್ಳೆ ನಡುವಿಗೆ ಬರುವಂತೆ ಮಾಡಿ. ಈಗ ಯಾವ ಕಾಲಿನ ಅಡಿ ಎಲ್ಲಕ್ಕಿಂತ ಹೆಚ್ಚು ಸಂದಿಯಿದೆಯೋ ಆ ಸಂದಿಯಷ್ಟು ದಪ್ಪದ ಮರದ ಚೂರೊಂದನ್ನು ತೆಗೆದುಕೊಂಡು, ಅದನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೆ ಪೆನ್ಸಿಲ್ಲು ಆನಿಸಿ, ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಕೊಯ್ದರೆ ಕಾಲುಗಳು ಆ ನೆಲಕ್ಕೇ ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂರುತ್ತವೆ. ಕಾಲನ್ನು 32 ಇಂಚಿಗಿಂತ ಚೂರು ಉದ್ದ ಇಡಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ಒಂದೇ ತೊಂದರೆಯೆಂದರೆ ಇನ್ನು ಮೇಜನ್ನು ಬೇರೆಡೆಗೆ ಸರಿಸಿದರೆ ಮತ್ತೆ ಕುಂಟುತ್ತದೆ, ಆದ್ದರಿಂದ ಜಾಗದ ಬಗ್ಗೆ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆಯೇ ಇದನ್ನು ಮಾಡಿ.

ಕಾಲಿನ ಅಡಿಮುಖ ಮರದ ಬಾಯಿ ಇದ್ದಂತೆ, ನೆಲದ ನೀರನ್ನು ಹೀರುತ್ತದೆ. ಅದಕ್ಕೆ ಎರಡು ಸಲ ಬಣ್ಣ ಬಳಿದು, ಪ್ರತಿ ಕಾಲಿನಡಿ ಒಂದೇ ದಪ್ಪದ ಕಡಪ ಕಲ್ಲಿನ ತುಂಡಿಡಿ; ಕಲ್ಲಿನ ಅಂಗಡಿಯ ಮುಂದೆ ಬಿದ್ದಿರುವ ತುಣುಕುಗಳನ್ನು ಕೇಳಿದರೆ ಕೊಡುತ್ತಾರೆ. ಗೋಡೆಗೂ ಮೇಜಿಗೂ ನಡುವೆ ಎರಡು ಬೆರಳು ಜಾಗ ಬಿಡಿ. ಗೆದ್ದಲು ಮಣ್ಣಿನ ಗೂಡು ಕಟ್ಟಿಕೊಂಡೇ ಮೇಲೆ ಬರಬೇಕಾದ್ದರಿಂದ, ಕಲ್ಲಿನ ಮೇಲೆ ಮತ್ತು ಆ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಅದು ಮರ ಮುಟ್ಟುವ ಮೊದಲೇ ಕಾಣುತ್ತದೆ.

ಮೇಲ್ಹಾಸಿಗೆ 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರ ಸಾಕು. ಶೀಟಿನ ಮೇಲೆ ಐಎಸ್ 303 ಎಂಬ ಗುರುತಿರುವುದು ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಡೆಯುವ ದುಬಾರಿ ಬಗೆ. ಸೂರು ಸೋರದ ಶೆಡ್ಡಿಗೆ ಮೊದಲನೆಯದೇ ನಡೆಯುತ್ತದೆ. ಒಂದು ಶೀಟನ್ನು ಉದ್ದಕ್ಕೆ ಸೀಳಿ 6 ಅಡಿಗೆ ಕತ್ತರಿಸಿದರೆ ಎರಡೂ ಪದರ ಬಂದು, 2 ಅಡಿಯ ಎರಡು ಚೌಕ ಉಳಿಯುತ್ತವೆ. ಅವು ಕೆಳಗಿನ ಉದ್ದಪಟ್ಟಿಗಳ ಮೇಲೆ ಸಾಮಾನಿಡುವ ಹಲಗೆಯಾಗುತ್ತವೆ. ಎರಡು ಪದರಗಳ ನಡುವೆ ಫೆವಿಕಾಲ್ ಹಚ್ಚುವ ಕೆಲಸವನ್ನು ಬೆಳಗಿನ ಆರು ಗಂಟೆಗೆ ಇಟ್ಟುಕೊಳ್ಳಿ. ಚಿತ್ರದುರ್ಗ, ದಾವಣಗೆರೆಯ ಬೇಸಿಗೆ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ಒಂದು ತುದಿಗೆ ಹಚ್ಚಿ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲಿನದು ಕೆನೆಗಟ್ಟಿರುತ್ತದೆ. ಹಚ್ಚಿದ ಕೂಡಲೇ ಅಡಿಯಿಂದ 30 ಮಿ.ಮೀ. ಸ್ಕ್ರೂಗಳನ್ನು ಎಂಟೆಂಟು ಇಂಚಿಗೆ ಹಾಕಿ, ಎರಡು ಮೂಟೆ ಸಿಮೆಂಟು ಹೇರಿ ಒಂದು ದಿನ ಬಿಡಿ. ಎರಡೂ ಸೇರಿ 36 ಮಿ.ಮೀ. ಆಗುವುದರಿಂದ 30ರ ಸ್ಕ್ರೂ ಮೇಲೆ ಹೊಮ್ಮುವುದಿಲ್ಲ.

ಹಾಸನ್ನು ಚೌಕಟ್ಟಿನ ಮೇಲಿಡುವಾಗ ಹಿಂದೆ ಸಮನಾಗಿಯೂ ಮುಂದೆ ಸುಮಾರು 3 ಇಂಚು ಚಾಚಿಕೊಂಡೂ ಎರಡು ತುದಿಗಳಲ್ಲಿ ಆರಾರು ಇಂಚು ಹೊರಗೂ ಇರಲಿ. ಆ ಚಾಚು ಇಲ್ಲದಿದ್ದರೆ ಕ್ಲಾಂಪ್ ಹಿಡಿಸಲು ಜಾಗವೇ ಇರುವುದಿಲ್ಲ. ನಡುವೆ ಎರಡು ಕಡೆ 2×2 ಇಂಚಿನ ಆಸರೆ ಪಟ್ಟಿ ಕೊಟ್ಟು, ಒಳಗಿನಿಂದ ಎಲ್ ಆಕಾರದ ಕಬ್ಬಿಣದ ಪಟ್ಟಿಗಳಿಂದ ಬಿಗಿಯಿರಿ. ಎಲ್ಲಕ್ಕೂ ಮೇಲೆ 6 ಮಿ.ಮೀ. ಪ್ಲೈವುಡ್ಡಿನ ಒಂದು ಹಾಳೆ, ಅಂಟಿಲ್ಲದೆ, ತಲೆ ಒಳಗೆ ಇಳಿಯುವ ಎಂಟು ಸ್ಕ್ರೂಗಳಲ್ಲಿ ಮಾತ್ರ. ಎಣ್ಣೆ, ಬಣ್ಣ, ಉಳಿಯ ಗಾಯ, ಬಿಸಿ ಕಬ್ಬಿಣದ ಕಲೆ ಎಲ್ಲವನ್ನೂ ಅದೇ ತಿನ್ನಲಿ.

ವೈಸನ್ನು ಮೇಜಿನ ನಡುವೆ ಎಂದಿಗೂ ಕೂರಿಸಬೇಡಿ. ಅಲ್ಲಿ ಪ್ರತಿ ಏಟಿಗೂ ಹಾಸು ಡೋಲಿನಂತೆ ಕಂಪಿಸುತ್ತದೆ. ಮುಂದಿನ ಕಾಲಿಗೆ ತಾಗಿದಂತೆ ಅದರ ಜಾಗ. ವೈಸಿನ ಅಲುಗಾಡದ ದವಡೆ ಮೇಜಿನ ಅಂಚಿಗಿಂತ ಕೂದಲೆಳೆಯಷ್ಟಾದರೂ ಮುಂದಿರಬೇಕು. ಆಗ ಮಾತ್ರ ಉದ್ದನೆಯ ಪೈಪನ್ನೋ ಪಟ್ಟಿಯನ್ನೋ ನೆಟ್ಟಗೆ ನೆಲದವರೆಗೆ ಇಳಿಬಿಟ್ಟು ಹಿಡಿಸಲು ಬರುತ್ತದೆ. ಸ್ಕ್ರೂ ಸಾಲದು, ಹಾಸನ್ನು ಪೂರ್ತಿ ತೂರುವ ಬೋಲ್ಟು ಹಾಕಿ, ಅಡಿಯಲ್ಲಿ ಬೆರಳಗಲದ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಬಿಗಿಯಬೇಕು. ಅಡಿಯಲ್ಲಿ ಆಸರೆ ಪಟ್ಟಿ ಅಡ್ಡ ಬರುವುದಿಲ್ಲವೇ ಎಂಬುದನ್ನು ತೂತು ಕೊರೆಯುವ ಮೊದಲು ಬಗ್ಗಿ ನೋಡಿ.

ವಿದ್ಯುತ್ತಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಬಿಡಿ, ಆದರೆ ಏನು ಬೇಕೆಂದು ನೀವು ಹೇಳಬೇಕು. ಮೇಜಿನ ಪಕ್ಕದ ಗೋಡೆಯಲ್ಲಿ, ಹಾಸಿಗಿಂತ ಒಂದಡಿ ಮೇಲೆ, 16 ಆಂಪಿಯರ್‌ನ ಎರಡು ಸಾಕೆಟ್ ಇರಲಿ. ಮೇಜಿನ ಹಿಂದಿನ ಗೋಡೆಯಲ್ಲಿ ಬೇಡ, ತಿರುಗುತ್ತಿರುವ ಗ್ರೈಂಡರಿನ ಮೇಲಿಂದ ಕೈ ಚಾಚಿ ಸ್ವಿಚ್ ಆರಿಸುವ ಪರಿಸ್ಥಿತಿ ಬರಬಾರದು. ಆ ಸಾಲಿಗೆ, ವಿದ್ಯುತ್ತು ಸೋರಿದ ಕೂಡಲೇ ಸಾಲನ್ನು ಕಡಿಯುವ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕಡ್ಡಾಯ. ಒದ್ದೆ ಸಿಮೆಂಟು ನೆಲದ ಮೇಲೆ ನಿಂತು ಲೋಹದ ಡ್ರಿಲ್ ಹಿಡಿಯುವವರಿಗೆ ಹೆಚ್ಚು ವಿದ್ಯುತ್ತು ಹರಿದಾಗ ಬೀಳುವ ಸ್ವಿಚ್ಚಾದ ಎಂಸಿಬಿಯೊಂದೇ ರಕ್ಷಣೆಯಲ್ಲ, ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಬೆಳಕಿಗೆ 4 ಅಡಿಯ ಎಲ್‌ಇಡಿ ಟ್ಯೂಬನ್ನು ನಿಮ್ಮ ತಲೆಗಿಂತ ಮುಂದೆ ಹಾಕಿಸಿ. ಬೆನ್ನ ಹಿಂದಿನ ದೀಪ ಗೆರೆಯ ಮೇಲೆ ನಿಮ್ಮ ನೆರಳನ್ನೇ ಬೀಳಿಸುತ್ತದೆ.

ಕಾರು ನಿಲ್ಲುವ ಜಾಗವಾದ್ದರಿಂದ ಇನ್ನೊಂದು ಎಚ್ಚರಿಕೆ ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆಯೇ ಹರಡಿಕೊಂಡಿರುತ್ತದೆ. ಗ್ರೈಂಡರಿನ ಕಿಡಿಯೂ ಬೀಳುವುದು ನೆಲದ ಮೇಲೆಯೇ. ಕಬ್ಬಿಣ ಉಜ್ಜುವ ದಿನ ಕಾರನ್ನೂ ಪೆಟ್ರೋಲ್, ಥಿನ್ನರ್ ಡಬ್ಬಿಗಳನ್ನೂ ಹೊರಗಿಟ್ಟು, ಮರದ ಹೊಟ್ಟು ಗುಡಿಸಿ, ಬಾಗಿಲು ತೆರೆದಿಟ್ಟೇ ಶುರುಮಾಡಿ. ಬೆಂಕಿ ಹತ್ತದಿದ್ದರೂ ಆ ಕಿಡಿಗಳು ಕಾರಿನ ಗಾಜಿಗೆ ಕಚ್ಚಿಕೊಂಡರೆ ಉಜ್ಜಿದರೂ ಹೋಗದ ಕಪ್ಪು ಚುಕ್ಕೆಗಳಾಗಿ ಉಳಿಯುತ್ತವೆ. ನಮ್ಮ ಕಾರಿನ ಎಡಗಡೆಯ ಗಾಜಿನಲ್ಲಿ ಅಂಥವು ಒಂದು ಮುಷ್ಟಿಯಷ್ಟಿವೆ, ಮನೆಯವರು ಈಗಲೂ ಬಂದವರಿಗೆಲ್ಲ ತೋರಿಸುತ್ತಾರೆ.

ಮರದ ಭಾಗಗಳಿಗೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಎರಡು ಸಲ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಅಂಗಳದ ಕಲ್ಲಿನ ಮೇಲೆ ಹರವಿ ಒಣಗಿಸಿ, ಗರಿಗರಿಯಾದ ಮೇಲೆ ಕಸಕ್ಕೆ ಹಾಕಿ.

ಮೇಜು ನಿಂತ ಮೊದಲ ವರ್ಷ ಯುಗಾದಿ ಕಳೆದು ಬಿಸಿಲು ಏರಿದಾಗ ಒಮ್ಮೆ ಸ್ಪ್ಯಾನರ್ ಹಿಡಿದು 16 ಬೋಲ್ಟುಗಳನ್ನೂ ಸುತ್ತಿ ಬನ್ನಿ. ಮರ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚೇನೂ ಕುಗ್ಗುವುದಿಲ್ಲ. ಹೀಗಾಗಿ ಪ್ರತಿ ನಟ್ಟೂ ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ತಿರುಗುತ್ತದೆ. ಎರಡನೆಯ ಬೇಸಿಗೆಯಲ್ಲಿ ಅಷ್ಟು ಸಿಗುವುದಿಲ್ಲ. ಮೇಲಿನ 6 ಮಿ.ಮೀ. ಹಾಳೆ ಗಾಯಗಳಿಂದ ತುಂಬಿದಾಗ ಎಂಟು ಸ್ಕ್ರೂ ಬಿಚ್ಚಿ, ತಿರುವಿ ಹಾಕಿ. ಅದರ ಇನ್ನೊಂದು ಮುಖವೂ ಮುಗಿದ ಮೇಲೆ ಹೊಸದು ತನ್ನಿ.